ಸಂಚುಗಾರನಿಗೆ ಮೊದಲು ಒಂದು ಕೆಲಸ ಕೊಡಬೇಕು: ಧಾರಾವಾಹಿ ಬರವಣಿಗೆಯ ನನ್ನ ಅನುಭವ

ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ ಕೂತು ನಾನು ಕನ್ನಡದ ಒಂದು ದೈನಂದಿನ ಧಾರಾವಾಹಿಗೆ ಬರೆಯುತ್ತೇನೆ. ಐತಿಹಾಸಿಕ ಫ್ಯಾಂಟಸಿ ಅಂತಾರಲ್ಲ, ಆ ಥರದ್ದು. ರಾಜ್ಯ ಕಾಲ್ಪನಿಕ. ಆದರೆ ಕೆಳದಿ, ಇಕ್ಕೇರಿ, ಬಿದನೂರು ಸುತ್ತಾಡಿದವರಿಗೆ ಅದು ಯಾವ ಮಣ್ಣಿನಿಂದ ಎದ್ದ ರಾಜ್ಯ ಅಂತ ಎರಡು ಕಂತು ನೋಡಿದರೆ ಸಾಕು, ಗೊತ್ತಾಗುತ್ತದೆ. ಧಾರಾವಾಹಿಯ ಹೆಸರು ಇಲ್ಲಿ ಬೇಡ, ಒಪ್ಪಂದದಲ್ಲಿ ಹಾಗಿದೆ. ಅರಸ, ಪಟ್ಟದ ರಾಣಿ, ನಾಯಕ, ಶಾಪ, ಮಾಯದ ಖಡ್ಗ ಇವೆಲ್ಲ ಬೆಂಗಳೂರಿನಲ್ಲಿರುವ ಕಥಾ ತಂಡದ ಪಾಲು. ನನ್ನ ಪಾಲಿಗೆ ಬಂದದ್ದು ಎರಡನೇ ಸಾಲಿನವರು: ಕಿರಿಯ ರಾಣಿಯ ಅಣ್ಣ, ಬೊಕ್ಕಸದ ಕರಣಿಕ, ಅರಮನೆಯ ಸೂಲಗಿತ್ತಿ, ಅರಸನ ಹಡಪದವ. ಅಂದರೆ ಬತ್ತಿ ಇಡುವವರು, ಕಿವಿ ಊದುವವರು, ಇನ್ನೊಬ್ಬರ ಹೆಗಲ ಮೇಲೆ ಕೋವಿ ಇಟ್ಟು ಹೊಡೆಯುವವರು.

ಈ ಕೆಲಸ ನನಗೆ ತುಂಬಾ ಇಷ್ಟ. ಹೊಸದಾಗಿ ಬರೆಯಲು ಬಂದ ಹುಡುಗ ಹುಡುಗಿಯರು ಸಿಕ್ಕಾಗ, ಈ ಪಾತ್ರಗಳನ್ನು ಹೇಗೆ ಕಟ್ಟುತ್ತೀರಿ ಅಂತ ಕೇಳುತ್ತಾರೆ. ಫೋನಿನಲ್ಲಿ ತುಂಡು ತುಂಡಾಗಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಯಾವ ಪಾತ್ರ ಕೈಗೆ ಬಂದರೂ ನಾನು ಮೊದಲು ಕೇಳಿಕೊಳ್ಳುವುದು ಒಂದೇ. ಇವನು ಬೆಳಿಗ್ಗೆ ಎದ್ದು ಏನು ಕೆಲಸ ಮಾಡುತ್ತಾನೆ? ಆಸೆ ಏನು, ಸೇಡು ಯಾರ ಮೇಲೆ, ಅದೆಲ್ಲ ಆಮೇಲೆ. ತಂಡದಿಂದ ಬರುವ ಒನ್‌ಲೈನ್‌ನಲ್ಲಿ ‘ರಾಣಿಯ ಅಣ್ಣ ಸಂಚು ಹೂಡುತ್ತಾನೆ’ ಅಂತ ಒಂದು ಸಾಲು ಇರುತ್ತದೆ, ಅಷ್ಟೇ. ಹೇಗೆ ಹೂಡುತ್ತಾನೆ ಅನ್ನುವುದನ್ನು ನಾನು ಹುಡುಕಬೇಕು. ಆಸೆಯಿಂದ ಸಂಚು ಹುಟ್ಟುತ್ತದೆ ಅಂತ ಹೇಳುವುದು ಸುಲಭ, ಆದರೆ ಆಸೆ ಅರಮನೆಯಲ್ಲಿ ಎಲ್ಲರಿಗೂ ಇರುತ್ತದೆ, ಕುದುರೆಗೆ ಹುಲ್ಲು ಹಾಕುವವನಿಗೂ ಇರುತ್ತದೆ, ಅದರಿಂದ ದೃಶ್ಯ ಹುಟ್ಟುವುದಿಲ್ಲ. ಅವನ ಕೈಗೆ ಯಾವ ವಸ್ತು ಸಿಗುತ್ತದೆ, ಯಾವ ಬಾಗಿಲು ಅವನಿಗೆ ಕೇಳದೆ ತೆರೆಯುತ್ತದೆ, ಯಾರ ಮಾತು ಅವನ ಕಿವಿಗೆ ಸುಮ್ನೆ ಬಂದು ಬೀಳುತ್ತದೆ, ಇದೆಲ್ಲ ಅವನ ಕೆಲಸದಿಂದ ಬರುವಂಥದ್ದು. ಹಾಗಾಗಿ ಶುರುವಿನಲ್ಲಿ ನನ್ನ ಹಾಳೆಯಲ್ಲಿ ಇವರಿಗೆ ಹೆಸರೇ ಇರುವುದಿಲ್ಲ. ಹಡಪದವ, ಕರಣಿಕ, ಸೂಲಗಿತ್ತಿ ಅಂತಲೇ ಬರೆದುಕೊಳ್ಳುತ್ತೇನೆ. ಹೆಸರು ಬಂದ ಕೂಡಲೇ ಮುಖ ಬರುತ್ತದೆ, ಮುಖ ಬಂದ ಕೂಡಲೇ ಹುಬ್ಬು ಏರಿಸುವುದು ಬರುತ್ತದೆ. ಅದು ಸ್ವಲ್ಪ ತಡವಾಗಿ ಬಂದರೆ ಒಳ್ಳೆಯದು.

ಹಡಪದವನನ್ನೇ ತೆಗೆದುಕೊಳ್ಳಿ. ಅರಸನಿಗೆ ವೀಳ್ಯ ಮಡಿಸಿ ಕೊಡುವವನು. ಎಲೆ, ಅಡಿಕೆ, ಸುಣ್ಣ, ಏಲಕ್ಕಿ, ಪಚ್ಚಕರ್ಪೂರದ ಚೀಲ ಹಿಡಿದು ಅರಸನ ಕೈಯಳತೆಯಲ್ಲಿ ನಿಂತಿರುತ್ತಾನೆ. ಮಂತ್ರಿಯನ್ನು ಹೊರಗೆ ಕಳಿಸಿ ಮಾತಾಡುವಾಗಲೂ ಇವನು ಒಳಗೇ ಇರುತ್ತಾನೆ. ಅರಸನ ಬಾಯಿಗೆ ಹೋಗುವುದನ್ನು ಮುಟ್ಟುವವನು, ಅಂದರೆ ನಂಬಿಕೆ ಇದ್ದವನಿಗೆ ಮಾತ್ರ ಸಿಗುವ ಕೆಲಸ. 12ನೇ ಶತಮಾನದ ಹಡಪದ ಅಪ್ಪಣ್ಣ ಬಸವಣ್ಣನವರಿಗೆ ಎಷ್ಟು ಹತ್ತಿರದವರಾಗಿದ್ದರು ಅಂತ ವಚನ ಓದಿದವರಿಗೆಲ್ಲ ಗೊತ್ತು. ಆ ಹತ್ತಿರವನ್ನೇ ನಾನು ಎತ್ತಿಕೊಂಡೆ, ನಿಷ್ಠೆಯನ್ನು ಮಾತ್ರ ನಿಧಾನಕ್ಕೆ ಸವೆಸಿದೆ.

ತಂಡ ನನ್ನಿಂದ ಕೇಳಿದ್ದು ಇಷ್ಟು: ಕರಾವಳಿಯಿಂದ ಬಂದ ದೂತ ಸಹಾಯ ಸಿಗದೆ ವಾಪಸ್ ಹೋಗಬೇಕು, ಅದಕ್ಕೆ ಹಡಪದವ ಕಾರಣ ಆಗಬೇಕು, ಅರಸನಿಗೆ ಅದು ಗೊತ್ತಾಗಬಾರದು. ಮೊದಲು ಬಂದ ಸಲಹೆ ವೀಳ್ಯದಲ್ಲಿ ವಿಷ. ನಾನು ಬೇಡ ಅಂದೆ. ವಿಷ ಹಾಕಿದರೆ ಮಾರನೇ ದಿನ ತನಿಖೆ, ತನಿಖೆ ಬಂದರೆ ಹಡಪದವ ಸಿಕ್ಕಿಬೀಳಬೇಕು ಇಲ್ಲವೇ ಎಲ್ಲರೂ ದಡ್ಡರಾಗಬೇಕು. ಅದರ ಬದಲು ಅವನ ಕೆಲಸದೊಳಗೇ ಹುಡುಕಿದೆ. ಆಸ್ಥಾನದಲ್ಲಿ ವೀಳ್ಯ ಕೊಟ್ಟರು ಅಂದರೆ ಮರ್ಯಾದೆ ಆಯಿತು, ಮಾತೂ ಮುಗಿಯಿತು, ಇನ್ನು ಹೊರಡಿ ಅಂತ. ಬರೆದ ದೃಶ್ಯ ಹೀಗಿದೆ:

ದೂತ ಉಡುಗೊರೆ ಇಡುತ್ತಾನೆ. ಮಳೆಗಾಲದ ಸುದ್ದಿ, ಮೆಣಸಿನ ಸುದ್ದಿ, ಬಂದರಿನ ಸುಂಕದ ಸುದ್ದಿ. ಅಸಲು ವಿಷಯ ಇನ್ನೂ ಬಂದಿಲ್ಲ. ‘ಇನ್ನೊಂದು ಮಾತಿತ್ತು ಪ್ರಭು’ ಅನ್ನುತ್ತಾ ಅವನು ಗಂಟಲು ಸರಿಮಾಡಿಕೊಳ್ಳುವಾಗ, ಹಡಪದವ ತಟ್ಟೆ ಹಿಡಿದು ಒಂದು ಹೆಜ್ಜೆ ಮುಂದೆ ಬರುತ್ತಾನೆ. ಒಂದೇ ಹೆಜ್ಜೆ. ಅರಸ ಬೆಳಗಿನಿಂದ ಹತ್ತಾರು ಜನರಿಗೆ ವೀಳ್ಯ ಕೊಟ್ಟವನು, ಕೈ ತಾನಾಗಿ ತಟ್ಟೆಗೆ ಹೋಗುತ್ತದೆ. ದೂತ ನೋಡುತ್ತಾನೆ. ಮಾತು ನುಂಗುತ್ತಾನೆ. ಎರಡೂ ಕೈ ಚಾಚಿ ವೀಳ್ಯ ತೆಗೆದುಕೊಂಡು ಹಿಂದೆ ಹಿಂದೆ ಸರಿಯುತ್ತಾ ಹೊರಟುಹೋಗುತ್ತಾನೆ. ಅರಸ ಹಡಪದವನತ್ತ ತಿರುಗಿ ‘ಅವನು ಏನೋ ಹೇಳಬೇಕಿತ್ತಲ್ವಾ?’ ಅಂತ ಕೇಳುತ್ತಾನೆ. ಹಡಪದವ ‘ನನಗೆ ಕೇಳಿಸಲಿಲ್ಲ ಪ್ರಭು’ ಅನ್ನುತ್ತಾ ಅಡಿಕೆ ಹೋಳು ಜೋಡಿಸುತ್ತಾನೆ.

ಅಷ್ಟೇ. ಇವನು ಯಾರನ್ನೂ ಮುಟ್ಟಲಿಲ್ಲ, ಕೊನೆಯ ಮಾತೊಂದನ್ನು ಬಿಟ್ಟರೆ ಸುಳ್ಳೂ ಹೇಳಲಿಲ್ಲ. ಬಂದರು ಕೈಬಿಟ್ಟು ಹೋಯಿತು, ಮುಂದಿನ ಹಲವು ವಾರಗಳ ಯುದ್ಧ ಆ ಒಂದು ಹೆಜ್ಜೆಯಿಂದ ಹುಟ್ಟಿತು. ಆ ಪಾತ್ರ ಮಾಡಿದ ನಟ ರಂಗಭೂಮಿಯಿಂದ ಬಂದವರು. ಹೆಜ್ಜೆ ಇಡುವ ಮೊದಲು ಚೀಲದ ದಾರವನ್ನು ಬೆರಳಿಗೆ ಒಂದು ಸುತ್ತು ಸುತ್ತಿಕೊಂಡರು, ನಾನು ಬರೆದಿರಲಿಲ್ಲ ಅದನ್ನು. ಆಮೇಲೆ ಅವನು ಏನಾದರೂ ಮಾಡುವ ಮೊದಲೆಲ್ಲ ದಾರ ಸುತ್ತಿಕೊಳ್ಳುತ್ತಾನೆ ಅಂತ ನಾನೇ ಬರೆಯತೊಡಗಿದೆ.

ಕೆಲಸವೇ ಆಯುಧ ಅನ್ನುವುದು ನನಗೆ ಹೊಳೆದದ್ದು ತಾಳಮದ್ದಲೆಯಿಂದ. ನಮ್ಮ ಕಡೆ ಮಳೆಗಾಲದ ರಾತ್ರಿಗಳಲ್ಲಿ ದೇವಸ್ಥಾನದ ಪೌಳಿಯಲ್ಲೋ ಯಾರದ್ದಾದರೂ ಜಗಲಿಯಲ್ಲೋ ತಾಳಮದ್ದಲೆ ಕೇಳಿ ಬೆಳೆದವನು ನಾನು. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಪಂಚೆ ಶಾಲಿನಲ್ಲಿ ಕೂತು ಮಾತಾಡುತ್ತಾರೆ. ಎಲ್ಲವೂ ಮಾತಿನ ಮೇಲೆ ನಿಂತಿರುವುದರಿಂದ ಅಲ್ಲಿ ಸಣ್ಣ ಪಾತ್ರ ಅನ್ನುವುದು ಇಲ್ಲ. ಶಲ್ಯನ ಪಾತ್ರ ಒಳ್ಳೆಯ ಅರ್ಥಧಾರಿಯ ಕೈಗೆ ಸಿಕ್ಕರೆ ಕರ್ಣ ತತ್ತರಿಸಿ ಹೋಗುತ್ತಾನೆ. ನಕುಲ ಸಹದೇವರ ಸೋದರಮಾವ ಅವನು. ಪಾಂಡವರ ಕಡೆಗೆ ಹೊರಟವನನ್ನು ದುರ್ಯೋಧನ ದಾರಿಯಲ್ಲಿ ಉಪಚಾರ ಮಾಡಿ ಮಾತಿಗೆ ಕಟ್ಟಿಹಾಕಿದ. ಆಮೇಲೆ ಧರ್ಮರಾಯ, ಕರ್ಣನ ಧೈರ್ಯ ಕುಗ್ಗಿಸುವ ಮಾತು ತೆಗೆದುಕೊಂಡ. ಎರಡು ಕಡೆಯ ಮಾತನ್ನೂ ಅವನು ಉಳಿಸಿಕೊಂಡದ್ದು ಹೇಗೆ? ಸಾರಥಿಯಾಗಿ. ರಥ ಸರಿಯಾಗಿಯೇ ಓಡಿಸಿದ, ಓಡಿಸುತ್ತಲೇ ಚುಚ್ಚಿದ. ಕರ್ಣ ಇಳಿದು ಹೋಗುವ ಹಾಗಿಲ್ಲ, ಇವನನ್ನು ಇಳಿಸುವ ಹಾಗೂ ಇಲ್ಲ. ಬೇರೆ ಯಾರು ಆ ಮಾತು ಆಡಿದ್ದರೂ ಕರ್ಣ ತಲೆ ಹಾರಿಸುತ್ತಿದ್ದ.

ಮಂಥರೆಯೂ ಹಾಗೇ. ಅವಳು ಕೈಕೇಯಿಯ ತವರಿನಿಂದ ಬಂದ ದಾಸಿ. ಅರಮನೆಯ ಮಾಳಿಗೆ ಹತ್ತಿ ನೋಡುತ್ತಾಳೆ, ಅಯೋಧ್ಯೆ ಸಿಂಗಾರ ಆಗಿದೆ, ರಾಮನಿಗೆ ಪಟ್ಟ ಅಂತ ತಿಳಿಯುತ್ತದೆ. ಓಡಿಬಂದು ಹೇಳಿದರೆ ಕೈಕೇಯಿ ಖುಷಿಯಾಗಿ ಒಡವೆ ಬಿಚ್ಚಿ ಕೊಡುತ್ತಾಳೆ! ನಾನು ಹೊಸ ಬರಹಗಾರರಿಗೆ ಈ ಜಾಗವನ್ನು ಮತ್ತೆ ಮತ್ತೆ ಓದಲು ಹೇಳುತ್ತೇನೆ. ಮೊದಲ ಏಟು ಪೂರ್ತಿ ಹುಸಿ. ಮಂಥರೆ ಒಡವೆಯನ್ನು ಬಿಸಾಡಿ ಮತ್ತೆ ಶುರು ಮಾಡುತ್ತಾಳೆ. ರಾಮ ಕೆಟ್ಟವನು ಅಂತ ಅವಳು ವಾದ ಮಾಡುವುದಿಲ್ಲ, ಮಾಡಿದ್ದರೆ ಅಲ್ಲೇ ಮುಗಿಯುತ್ತಿತ್ತು, ಯಾಕೆಂದರೆ ಕೈಕೇಯಿಗೆ ರಾಮ ಅಂದರೆ ಪ್ರೀತಿ. ರಾಮನ ನಂತರ ರಾಮನ ಮಗ ಬರುತ್ತಾನೆ, ಭರತನ ಸಾಲು ಅಲ್ಲಿಗೆ ನಿಂತಿತು ಅನ್ನುತ್ತಾಳೆ. ಗಂಡನ ಪ್ರೀತಿಯ ಸೊಕ್ಕಿನಲ್ಲಿ ಕೌಸಲ್ಯೆಯನ್ನು ನೀನು ಕಡೆಗಣಿಸಿದ್ದೆ, ಅವಳು ಈಗ ಸುಮ್ಮನೆ ಬಿಡುತ್ತಾಳಾ ಅನ್ನುತ್ತಾಳೆ. ಇದು ಒಳಮನೆಯಲ್ಲಿ ಇದ್ದವಳಿಗೆ ಮಾತ್ರ ಗೊತ್ತಿರುವ ವಿಷಯ. ಎರಡು ವರಗಳ ಕತೆಯನ್ನು ಹಿಂದೆಂದೋ ಕೈಕೇಯಿಯೇ ಇವಳಿಗೆ ಹೇಳಿದ್ದಳು. ರಾಣಿ ಮರೆತದ್ದನ್ನು ದಾಸಿ ನೆನಪಿಟ್ಟುಕೊಂಡಿದ್ದಳು.

ನನ್ನ ಸೂಲಗಿತ್ತಿಯನ್ನು ಕಟ್ಟಿದ್ದು ಈ ನೆನಪಿನ ಎಳೆ ಹಿಡಿದೇ. ಅವಳ ಬಗ್ಗೆ ಆಮೇಲೆ ಹೇಳುತ್ತೇನೆ.

ತಾಳಮದ್ದಲೆಯಿಂದ ಬಂದ ಇನ್ನೊಂದು ಅಭ್ಯಾಸ, ಸಂಚಿನ ದೃಶ್ಯ ಬರೆದ ಮೇಲೆ ಅದನ್ನು ಕೂತು ಜೋರಾಗಿ ಮಾತಾಡುವುದು. ಮೊದಲು ಎದುರಿನವನ ಕಡೆಯಿಂದ, ಆಮೇಲೆ ಸಂಚುಗಾರನ ಕಡೆಯಿಂದ. ಅವನ ಮಾತಿಗೆ ನನ್ನ ಹತ್ತಿರವೇ ಉತ್ತರ ಇರಬಾರದು. ಉತ್ತರ ತಕ್ಷಣ ಹೊಳೆದರೆ ದೃಶ್ಯ ಇನ್ನೂ ಹಸಿ ಇದೆ ಅಂತ ಅರ್ಥ, ಮತ್ತೆ ಬರೆಯುತ್ತೇನೆ. ಮನೆಯವರಿಗೆ ಇದು ಅಭ್ಯಾಸ ಆಗಿದೆ.

ಕರಣಿಕನ ವಿಷಯಕ್ಕೆ ಬರುತ್ತೇನೆ. ಲೆಕ್ಕ ಬರೆಯುವ ಮನುಷ್ಯನಿಂದ ಟಿವಿಯಲ್ಲಿ ಏನು ಮಾಡಿಸುವುದು ಅಂತ ತಂಡದಲ್ಲಿ ಹಲವರಿಗೆ ಅನುಮಾನ ಇತ್ತು. ಕತ್ತಿ ಹಿಡಿಯುವುದಿಲ್ಲ, ಮಂತ್ರ ಹೇಳುವುದಿಲ್ಲ. ಆದರೆ ನಾನು ಬೆಳೆದ ಸೀಮೆಯಲ್ಲಿ ‘ಶಿಸ್ತು’ ಅಂದರೆ ಶಿವಪ್ಪನಾಯಕ, 1645ರಿಂದ 1660ರವರೆಗೆ ಕೆಳದಿಯನ್ನು ಆಳಿದವನು, ಭೂಮಿಯ ಕಂದಾಯಕ್ಕೆ ಒಂದು ಕ್ರಮ ತಂದವನು. ಜಮೀನನ್ನು ಗುಣ ನೋಡಿ ಐದು ತರಗತಿ ಮಾಡಿ, ಬೆಳೆಯ ಲೆಕ್ಕ ತೆಗೆದು, ಮೂರರಲ್ಲಿ ಒಂದು ಪಾಲು ಅರಮನೆಗೆ ಅಂತ ನಿಗದಿ ಮಾಡಿದ. ರೈತನ ಮಟ್ಟಿಗೆ ಅದು ನ್ಯಾಯದ ಏರ್ಪಾಡು. ಆದರೆ ಯಾವ ಗದ್ದೆ ಯಾವ ತರಗತಿ ಅಂತ ಕಡತದಲ್ಲಿ ಬರೆಯುವವನು ಯಾರು? ಕರಣಿಕ. ಇದು ತಲೆಗೆ ಬಂದ ಮೇಲೆ ನನಗೆ ನಿದ್ದೆ ಬರಲಿಲ್ಲ, ಅಷ್ಟು ಸಂತೋಷವಾಗಿತ್ತು.

ನನ್ನ ಕಾಲ್ಪನಿಕ ರಾಜ್ಯದಲ್ಲಿ ಕಿರಿಯ ರಾಣಿಗೆ ಉಂಬಳಿಯಾಗಿ ಬಿಟ್ಟ ಒಂದು ಸೀಮೆ ಇದೆ. ಕರಣಿಕ ಆ ಸೀಮೆಯ ಮಕ್ಕಿಗದ್ದೆಗಳನ್ನು, ಅಂದರೆ ಮಳೆ ನಂಬಿದ ಮೇಲಿನ ಗದ್ದೆಗಳನ್ನು, ಬಯಲುಗದ್ದೆ ಅಂತ ಎರಡು ತರಗತಿ ಮೇಲಕ್ಕೆ ಬರೆಯುತ್ತಾನೆ. ಕೈ ನಡುಗದೆ, ಹಗಲು ಹೊತ್ತಿನಲ್ಲಿ, ನಾಲ್ಕು ಜನರ ಎದುರಿಗೆ ಕೂತು ಬರೆಯುತ್ತಾನೆ. ಸುಗ್ಗಿ ಮುಗಿದ ಮೇಲೆ ಕಂದಾಯದವರು ಹೋಗುತ್ತಾರೆ, ಕೇಳಿದಷ್ಟು ಕೊಡಲು ಜನರ ಕಣಜದಲ್ಲಿ ಇಲ್ಲ. ಗಲಾಟೆ ಏಳುತ್ತದೆ. ಜನ ಶಾಪ ಹಾಕುವುದು ಯಾರಿಗೆ? ರಾಣಿಗೆ. ಅವಳೋ ತನ್ನ ಸೀಮೆಯ ಜನ ಯಾಕೆ ತಿರುಗಿ ಬಿದ್ದರು ಅಂತ ತಿಳಿಯದೆ ದಂಡು ಕಳಿಸುತ್ತಾಳೆ. ಅಲ್ಲಿಗೆ ಅವಳು ಒಳ್ಳೆಯವಳಾಗಿ ಉಳಿಯುವ ದಾರಿ ಮುಚ್ಚಿತು.

ಈ ಎಳೆಗೆ ವಾಹಿನಿಯವರು ಒಪ್ಪಲು ಸಮಯ ಹಿಡಿಯಿತು. ಮಕ್ಕಿ, ಬಯಲು, ಬೆಟ್ಟು ಅಂದರೆ ಬೆಂಗಳೂರಿನವರಿಗೆ, ಕಲಬುರಗಿಯವರಿಗೆ ಗೊತ್ತಾಗಲ್ಲ ಅಂದರು. ನಾನು ಒಂದು ದೃಶ್ಯ ಹೆಚ್ಚಿಗೆ ಬರೆದು ಕೊಟ್ಟೆ. ಒಬ್ಬ ಮುದುಕಿ ಕಂದಾಯದವನನ್ನು ಕೈಹಿಡಿದು ಗದ್ದೆಗೆ ಕರೆದುಕೊಂಡು ಹೋಗುತ್ತಾಳೆ, ಒಂದು ಹಿಡಿ ಮಣ್ಣು ತೆಗೆದು ಅವನ ಅಂಗೈಗೆ ಹಾಕುತ್ತಾಳೆ, ‘ಹಿಂಡು, ನೀರು ಬಂದರೆ ನೀನು ಕೇಳಿದಷ್ಟು ಕೊಡುತ್ತೇನೆ’ ಅನ್ನುತ್ತಾಳೆ. ಅದಾದ ಮೇಲೆ ಯಾರೂ ಅರ್ಥ ಆಗಲ್ಲ ಅನ್ನಲಿಲ್ಲ. ನೋಡುವವರಿಗೆ ಪದ ಗೊತ್ತಿರಬೇಕಾಗಿಲ್ಲ, ಯಾರಿಗೆ ಅನ್ಯಾಯ ಆಯಿತು ಅಂತ ಕಣ್ಣಿಗೆ ಕಂಡರೆ ಸಾಕು.

ಇತಿಹಾಸದಿಂದ ತೆಗೆದುಕೊಂಡದ್ದು ಇನ್ನೂ ಇದೆ. ನಮ್ಮ ಕೆಳದಿ ಚರಿತ್ರೆಯಲ್ಲೇ ಎರಡನೇ ಸಾಲಿನವರು ಬೇಕಾದಷ್ಟು ಸಿಗುತ್ತಾರೆ. ಚೆನ್ನಮ್ಮಾಜಿ 1671ರಲ್ಲಿ ಪಟ್ಟಕ್ಕೆ ಬರುವ ಮೊದಲು ಅವಳ ಗಂಡ ಸೋಮಶೇಖರ ನಾಯಕ ಕಲಾವತಿ ಎಂಬ ನರ್ತಕಿಯ ಮೋಹಕ್ಕೆ ಬಿದ್ದ, ಅವಳ ಕಡೆಯ ಭರಮೆ ಮಾವುತ ಅನ್ನುವವನು ಅರಸನ ಬುದ್ಧಿ ಕೆಡಿಸುವಂಥ ಮದ್ದು ತಿನ್ನಿಸಿದ ಅನ್ನುವ ಕತೆ ಇದೆ. ಚೆನ್ನಮ್ಮಾಜಿಯ ಧೈರ್ಯ ಎಲ್ಲರೂ ಹೇಳುತ್ತಾರೆ, ಹೇಳಲೇಬೇಕು. ಆದರೆ ಬರೆಯುವವನಾಗಿ ನನ್ನ ಕಣ್ಣು ಹೋಗುವುದು ಆ ಮಾವುತನ ಕಡೆಗೆ. ಅರಸನ ಕೋಣೆಯವರೆಗೆ ಅವನು ಬಂದದ್ದು ಹೇಗೆ, ಬಾಗಿಲಿನವರು ಯಾಕೆ ಬಿಟ್ಟರು, ಅವನನ್ನು ಮೊದಲ ಸಲ ಸ್ವಾಮಿ ಅಂತ ಕರೆದವರು ಯಾರು.

ಇನ್ನೊಂದು 1763ರದ್ದು. ಹೈದರ್ ಅಲಿ ಬಿದನೂರಿನ ಮೇಲೆ ಬಂದಾಗ ರಾಣಿ ವೀರಮ್ಮಾಜಿ ಆಳುತ್ತಿದ್ದಳು. ತಾನೇ ಹಿಂದಿನ ಅರಸ ಚೆನ್ನಬಸಪ್ಪ ನಾಯಕ, ಸತ್ತಿಲ್ಲ, ರಾಜ್ಯ ನನ್ನದು ಅಂತ ಹೇಳಿಕೊಂಡವನೊಬ್ಬ ಹೈದರನ ಜೊತೆಗಿದ್ದ. ಸುತ್ತಲೂ ಕಾಡು, ಘಟ್ಟ, ಹಾದಿಗೆ ಅಡ್ಡ ಕಾವಲು. ಅಂಥ ಊರಿಗೆ ಒಳದಾರಿ ತೋರಿಸಿದ್ದು ಹಿಂದೆ ಅಲ್ಲಿ ಮಂತ್ರಿಯಾಗಿದ್ದು ಕುಂಸಿಯಲ್ಲಿ ಸೆರೆಯಲ್ಲಿದ್ದ ಲಿಂಗಣ್ಣ ಅಂತ ಬ್ರಿಟಿಷರ ಕಾಲದ ಚರಿತ್ರೆಗಳು ಹೇಳುತ್ತವೆ. ಊರು ಹೈದರ್‌ನಗರ ಆಯಿತು, ಈಗ ನಾವು ನಗರ ಅನ್ನುತ್ತೇವೆ. ರಾಣಿಯನ್ನೂ, ಅವಳ ಜಾಗಕ್ಕೆ ಬರಬೇಕಿದ್ದ ಆ ಚೆನ್ನಬಸಪ್ಪನನ್ನೂ ಮಧುಗಿರಿ ಕೋಟೆಯಲ್ಲಿ ಸೆರೆ ಇಟ್ಟರು. ನಗರದ ಕೋಟೆ ಹತ್ತಿ ಒಂದು ಸುತ್ತು ಕಣ್ಣು ಹಾಯಿಸಿದರೆ, ಈ ಕಾಡಿನಲ್ಲಿ ದಾರಿ ಗೊತ್ತಿರುವ ಒಬ್ಬ ಮನುಷ್ಯನಿಗೆ ಎಷ್ಟು ಬೆಲೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಲಿಂಗಣ್ಣನ ಪ್ರಸಂಗ ನನ್ನನ್ನು ಒಂದು ಕಷ್ಟದಿಂದ ಪಾರು ಮಾಡಿತು. ರಾಣಿಯ ಅಣ್ಣನ ಪಾತ್ರ ಮಾಡುತ್ತಿದ್ದವರಿಗೆ ಒಂದು ಸಿನಿಮಾ ಸಿಕ್ಕಿತು, ಡೇಟ್ಸ್ ಇಲ್ಲ. ಧಾರಾವಾಹಿಯಲ್ಲಿ ಇದು ಆಗುತ್ತಲೇ ಇರುತ್ತದೆ. ಇಂಥ ಹೊತ್ತಿನಲ್ಲಿ ಪಾತ್ರವನ್ನು ಸಾಯಿಸುತ್ತಾರೆ, ಇಲ್ಲವೇ ಬೇರೆ ನಟರನ್ನು ತಂದು ಮಾರನೇ ದಿನದಿಂದ ಅದೇ ಹೆಸರಿನಲ್ಲಿ ಕರೆಯುತ್ತಾರೆ. ನಾನು ಅವನನ್ನು ಸೆರೆಗೆ ಕಳಿಸೋಣ ಅಂದೆ. ಕವಲೇದುರ್ಗದಂಥ ಒಂದು ಬೆಟ್ಟದ ಕೋಟೆಯಲ್ಲಿ ಕೂಡಿಹಾಕಿ. ವಾರಕ್ಕೊಮ್ಮೆ ಯಾರಾದರೂ ಅವನ ಹೆಸರು ಎತ್ತಲಿ. ‘ಗಡಿಯ ಹಾದಿ ಅವನಿಗಲ್ಲದೆ ಇನ್ಯಾರಿಗೂ ಗೊತ್ತಿಲ್ಲ’ ಅಂತ ದಂಡಿನವನೊಬ್ಬ ಗೊಣಗಲಿ. ನಟರು ವಾಪಸ್ ಬಂದಾಗ ಶತ್ರುಗಳು ಅವನನ್ನು ಹುಡುಕಿಕೊಂಡು ಬಂದಿದ್ದರು. ಮೊದಲು ತಂಗಿಯ ಬಲದಲ್ಲಿ ಮೆರೆಯುತ್ತಿದ್ದವನು ಈಗ ದಾರಿ ಗೊತ್ತಿರುವವನು. ಪಾತ್ರ ಮೊದಲಿಗಿಂತ ದೊಡ್ಡದಾಯಿತು.

ಮಳೆಯನ್ನೂ ನಾನು ಒಂದು ಪಾತ್ರದ ಹಾಗೆ ಲೆಕ್ಕಕ್ಕೆ ಹಿಡಿಯುತ್ತೇನೆ. ಹುಲಿಕಲ್, ಆಗುಂಬೆ ಕಡೆ ಮಳೆ ಹಿಡಿದರೆ ಇವತ್ತಿಗೂ ಘಟ್ಟದ ರಸ್ತೆ ಬಂದ್ ಆಗುತ್ತದೆ, ಆ ಕಾಲದಲ್ಲಿ ಕೇಳಬೇಕೆ. ಓಲೆ ಹಿಡಿದು ಹೊರಟವನು ಹೊಳೆ ಇಳಿಯುವವರೆಗೆ ಈಚೆ ದಡದಲ್ಲಿ ಕೂತಿರಬೇಕು. ಬರೆದ ಸುದ್ದಿಗೂ ಓದಿದ ಸುದ್ದಿಗೂ ನಡುವೆ ಹದಿನೈದು ದಿನ ಬಿದ್ದರೆ ಅಷ್ಟೂ ದಿನ ಸಂಚುಗಾರನ ಕೈಯಲ್ಲಿರುತ್ತವೆ. ಹಾಗಾಗಿ ನನ್ನ ದೊಡ್ಡ ಸಂಚುಗಳೆಲ್ಲ ಆರಿದ್ರಾ ಮಳೆಯಿಂದ ಆಶ್ಲೇಷ ಮಳೆಯವರೆಗೆ ನಡೆಯುತ್ತವೆ. ಪ್ರೊಡಕ್ಷನ್‌ನವರಿಗೆ ಮಳೆ ಅಂದರೆ ಟ್ಯಾಂಕರ್ ಖರ್ಚು, ಕೂಡಲೇ ಬೇಡ ಅನ್ನುತ್ತಾರೆ. ನಾನು ಮಳೆ ತೋರಿಸಿ ಅನ್ನುವುದಿಲ್ಲ. ಹೊರಗಿನಿಂದ ಬಂದವನು ಮಳೆಗೆ ಹೊದ್ದ ಗೊರಬು ತೆಗೆದು ಗೋಡೆಗೆ ಒರಗಿಸಲಿ, ಅದರಿಂದ ನೀರು ಇಳಿದು ನೆಲದ ಮೇಲೆ ಹರಿಯಲಿ, ಮಾತಿನ ಉದ್ದಕ್ಕೂ ಸೂರಿನ ಸದ್ದು ಇರಲಿ. ಅಷ್ಟಕ್ಕೆ ಬಾಲ್ಟಿ ನೀರು ಸಾಕು.

ಇನ್ನು ಮಾಯ ಮಂತ್ರದ ಮಾತು. ಫ್ಯಾಂಟಸಿ ಅಂದ ಮೇಲೆ ಶಾಪ, ಚೌಡಿ, ಮಾತಾಡುವ ಕಲ್ಲು, ಎಲ್ಲ ಇದೆ ನಮ್ಮ ಕತೆಯಲ್ಲಿ. ಆದರೆ ನನ್ನ ನಾಲ್ವರಿಗೆ ಒಂದು ಮಂತ್ರವೂ ಬರಬಾರದು ಅಂತ ಮೊದಲೇ ತಂಡಕ್ಕೆ ಹೇಳಿ ಒಪ್ಪಿಸಿದ್ದೇನೆ. ಮಂತ್ರ ಬಂದರೆ ಅವರಿಗೆ ಅಡುಗೆಮನೆ ಬೇಡ, ಕಡತ ಬೇಡ, ಬಾಗಿಲಿನವನ ಸ್ನೇಹ ಬೇಡ, ಕೈ ಬೀಸಿದರೆ ಕೆಲಸ ಆಗುತ್ತದೆ. ಆಗ ನೋಡಲು ಏನು ಉಳಿಯುತ್ತದೆ? ಮಂತ್ರ ಇರುವ ಲೋಕದಲ್ಲಿ ಮಂತ್ರ ಬಾರದವರು ಏನು ಮಾಡುತ್ತಾರೆ ಅನ್ನುವುದೇ ನನ್ನನ್ನು ಎಳೆಯುವ ವಿಷಯ. ಅವರು ಬೇರೆಯವರ ಭಯವನ್ನು ಬಳಸುತ್ತಾರೆ.

ಸೂಲಗಿತ್ತಿ ಇಲ್ಲಿ ಬರುತ್ತಾಳೆ. ಕತೆಯ ಬುಡದಲ್ಲಿರುವ ಶಾಪ ಇದು: ಆ ವಂಶದ ಹಿರಿಯ ಮಗ ಸಿಂಹಾಸನ ಮುಟ್ಟಿದ ದಿನ ಕೋಟೆಯ ಕೊಳ ಬತ್ತುತ್ತದೆ. ಶಾಪ ನಿಜ, ಕೊಳ ನಿಜವಾಗಿ ಬತ್ತುತ್ತದೆ. ಆದರೆ ಇಬ್ಬರು ರಾಣಿಯರಿಗೆ ಒಂದೇ ರಾತ್ರಿ, ಎರಡು ಕೋಣೆಯಲ್ಲಿ ಹೆರಿಗೆ ಆಯಿತು. ಎರಡೂ ಕಡೆ ಓಡಾಡಿದವಳು ಇವಳೊಬ್ಬಳೇ. ಯಾವ ಮಗು ಮೊದಲು ಅಳುವುದು ಕೇಳಿಸಿತು ಅಂತ ಗೊತ್ತಿರುವುದು ಇವಳಿಗೆ ಮಾತ್ರ. ದೇವರು ಕೊಟ್ಟ ಶಾಪಕ್ಕೆ ಗುರಿ ತೋರಿಸುವ ಬೆರಳು ಒಬ್ಬ ಬಡ ಹೆಂಗಸಿನದು. ಅವಳು ಅದನ್ನು ಒಮ್ಮೆಲೇ ಮಾರುವುದಿಲ್ಲ. ಮೊದಲು ಮಗಳ ಮದುವೆಗೆ ಸಹಾಯ ಕೇಳುತ್ತಾಳೆ, ಆಮೇಲೆ ಅಳಿಯನಿಗೆ ಕೆಲಸ, ಆಮೇಲೆ ಕೆರೆ ಕೆಳಗಿನ ಗದ್ದೆ. ಇಬ್ಬರು ರಾಣಿಯರಿಗೂ ‘ನಿಮ್ಮ ಮಗ ಕಿರಿಯವನು, ಹೆದರಬೇಡಿ’ ಅನ್ನುತ್ತಾಳೆ.

ಅವಳ ಮಾತಿನ ಧಾಟಿಗೆ ನಾನು ದೂರ ಹೋಗಬೇಕಾಗಲಿಲ್ಲ. ನಮ್ಮ ಕಡೆ ಚಾಡಿ ಹೇಳುವವರು ಯಾವತ್ತೂ ನೇರ ಶುರು ಮಾಡುವುದಿಲ್ಲ. ‘ನನಗ್ಯಾಕೆ ಬಿಡಿ ದೊಡ್ಡವರ ವಿಷಯ’ ಅಂತ ಎದ್ದು ನಿಲ್ಲುತ್ತಾರೆ, ಹೊಸಿಲವರೆಗೆ ಹೋಗುತ್ತಾರೆ, ಕೇಳುವವರು ‘ಏನದು ಹೇಳಿ’ ಅಂದ ಮೇಲೆ ತಿರುಗುತ್ತಾರೆ. ಬಾಗಿಲ ಹತ್ತಿರ ಆಡುವ ಮಾತಿಗೆ ಕೂತು ಆಡುವ ಮಾತಿಗಿಂತ ಜಾಸ್ತಿ ಬೆಲೆ. ಆದ್ದರಿಂದ ಸೂಲಗಿತ್ತಿಯ ಮುಖ್ಯವಾದ ಮಾತೆಲ್ಲ ಹೊಸಿಲ ಮೇಲೆ ಇಟ್ಟಿದ್ದೇನೆ. ಕ್ಯಾಮೆರಾದವರಿಗೂ ಅದು ಅನುಕೂಲ, ಹಿಂದಿನಿಂದ ಬೆಳಕು ಸಿಗುತ್ತದೆ.

ಈ ನಾಲ್ವರೂ ಗ್ರಾಂಥಿಕ ಕನ್ನಡ ಆಡುವುದಿಲ್ಲ ಅನ್ನುವುದೂ ನನ್ನ ಹಟ. ಪ್ರಭು, ಅಪ್ಪಣೆ ಇಂಥವು ಸಾಕು. ಅರಸ ಸಿಂಹಾಸನದ ಮೇಲೆ ಕೂತು ಸಂಸ್ಕೃತ ತುಂಬಿದ ಮಾತಾಡಲಿ. ಇವರಿಗೆ ಬೇಗ ಮುಗಿಯುವ, ಯಾರಾದರೂ ಬಂದರೆ ತಕ್ಷಣ ಅಡುಗೆ ಮಾತಿಗೆ ತಿರುಗಿಸಬಹುದಾದ ವಾಕ್ಯಗಳು ಬೇಕು.

ವಾಹಿನಿಯ ಜೊತೆ ಜಗ್ಗಾಟ ಬರುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ. ಸಂಚುಗಾರ ಒಬ್ಬನೇ ನಿಂತು, ಕ್ಯಾಮೆರಾ ಕಡೆ ಅರ್ಧ ತಿರುಗಿ, ತಾನು ಏನು ಮಾಡಲಿದ್ದೇನೆ ಅಂತ ಹೇಳಿ ನಗಬೇಕು, ಅಲ್ಲಿಗೆ ಫ್ರೀಜ್, ಕಂತು ಮುಗಿಯಿತು. ಇದನ್ನು ಕೇಳುವವರ ಕಷ್ಟ ನನಗೆ ಅರ್ಥವಾಗುತ್ತದೆ. ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಜಾಹೀರಾತು ಕಳೆದು ಇಪ್ಪತ್ತೆರಡು ನಿಮಿಷದ ಆಸುಪಾಸು ಉಳಿಯುತ್ತದೆ, ನೋಡುವವರು ನಡುವೆ ಎದ್ದು ಒಲೆ ಆರಿಸಿ ಬರುತ್ತಾರೆ, ಗುರುವಾರ ರೇಟಿಂಗ್ ಬಂದರೆ ಉತ್ತರ ಹೇಳಬೇಕಾದವರು ಅವರೇ. ಆದರೂ ನಾನು ಆ ಸ್ವಗತ ಬರೆಯುವುದಿಲ್ಲ. ಬದಲಿಗೆ ಸಂಚನ್ನು ಇಬ್ಬರು ಕೆಲಸ ಮಾಡುವಾಗಿನ ಮಾತಿನಲ್ಲಿ ಇಡುತ್ತೇನೆ. ಕರಣಿಕ ಶಿಷ್ಯನಿಗೆ ಲೆಕ್ಕ ಹೇಳಿಕೊಡುತ್ತಾನೆ, ‘ಮಕ್ಕಿಯನ್ನು ಬಯಲು ಅಂತ ಬರೆದರೆ ಏನಾಗುತ್ತದೆ ಹೇಳು ನೋಡುವಾ’ ಅಂತ ಕೇಳುತ್ತಾನೆ. ಹುಡುಗ ಲೆಕ್ಕ ಮಾಡಿ ಹೇಳುತ್ತಾನೆ, ಹೇಳುತ್ತಾ ಹೇಳುತ್ತಾ ಹೆದರುತ್ತಾನೆ. ನೋಡುವವರಿಗೂ ತಿಳಿಯಿತು, ಒಬ್ಬ ಸಾಕ್ಷಿಯೂ ಹುಟ್ಟಿದ. ಆ ಹುಡುಗನ ಹೆದರಿದ ಮುಖಕ್ಕೆ ಫ್ರೀಜ್ ಹಾಕಿ ಅಂದೆ, ಹಾಕಿದರು.

ಸಂಚುಗಾರರು ಒಬ್ಬರಿಗೊಬ್ಬರು ಸ್ನೇಹಿತರಾಗದ ಹಾಗೆ ನೋಡಿಕೊಳ್ಳುವುದೂ ಮುಖ್ಯ. ಧಾರಾವಾಹಿಗಳಲ್ಲಿ ಕೆಟ್ಟವರೆಲ್ಲ ಒಂದೇ ಕೋಣೆಯಲ್ಲಿ ಸೇರಿಬಿಡುತ್ತಾರೆ. ನನ್ನ ಕರಣಿಕನಿಗೆ ಹಡಪದವನ ವಿಷಯ ಗೊತ್ತಿಲ್ಲ, ಸೂಲಗಿತ್ತಿಗೆ ಇಬ್ಬರ ಮೇಲೂ ಅನುಮಾನ ಇದೆ, ರಾಣಿಯ ಅಣ್ಣ ಮೂವರನ್ನೂ ಆಳು ಅಂದುಕೊಂಡಿದ್ದಾನೆ. ಒಬ್ಬನ ಸಂಚು ಇನ್ನೊಬ್ಬನ ಸಂಚನ್ನು ಕೆಡಿಸುತ್ತದೆ. ಹಡಪದವ ದೂತನನ್ನು ಓಡಿಸಿದ್ದರಿಂದ ಬಂದರಿನ ಸುಂಕ ನಿಂತಿತು, ಸುಂಕ ನಿಂತದ್ದರಿಂದ ಬೊಕ್ಕಸ ಖಾಲಿ, ಕರಣಿಕ ಎತ್ತಿಟ್ಟುಕೊಂಡದ್ದು ಈಗ ಎದ್ದು ಕಾಣುತ್ತಿದೆ. ಇದನ್ನೆಲ್ಲ ಗೋಡೆಗೆ ಒಂದು ಕ್ಯಾಲೆಂಡರ್ ಹಾಕಿ, ಯಾರಿಗೆ ಯಾವ ದಿನ ಏನು ಗೊತ್ತಾಯಿತು ಅಂತ ನಾಲ್ಕು ಬಣ್ಣದಲ್ಲಿ ಬರೆದಿಡುತ್ತೇನೆ. ಯಾರು ಏನು ಮಾಡಿದರು ಅಂತ ಬರೆಯುವುದಿಲ್ಲ, ಯಾರಿಗೆ ಏನು ಗೊತ್ತು ಅಂತ ಮಾತ್ರ. ಮುಂದಿನ ದೃಶ್ಯ ಬೇಕಾದಾಗ ಆ ಗೋಡೆಯ ಮುಂದೆ ನಿಲ್ಲುತ್ತೇನೆ, ಇಬ್ಬರಲ್ಲಿ ಒಬ್ಬರಿಗೆ ಗೊತ್ತು ಇನ್ನೊಬ್ಬರಿಗೆ ಗೊತ್ತಿಲ್ಲ ಅನ್ನುವ ಜಾಗ ಹುಡುಕುತ್ತೇನೆ, ಅವರಿಬ್ಬರನ್ನು ಒಂದೇ ಕೋಣೆಗೆ ತರುತ್ತೇನೆ.

ಈಗ ಕರಣಿಕ ಸಿಕ್ಕಿಬಿದ್ದಿದ್ದಾನೆ. ಶಿಷ್ಯನೇ ಬಾಯಿಬಿಟ್ಟ. ತಂಡದವರು ಅವನನ್ನು ಊರ ನಡುವೆ ಆನೆ ಕಾಲಿಗೆ ಹಾಕೋಣ ಅನ್ನುತ್ತಾರೆ, ಜನ ಅದನ್ನು ಕಾಯುತ್ತಿದ್ದಾರೆ ಅನ್ನುತ್ತಾರೆ. ನಾನು ಬೇರೆ ಬರೆದು ಕಳಿಸಿದ್ದೇನೆ. ಹೊ​ಸ ಅರಸ ಕಡತಗಳನ್ನು ತರಿಸುತ್ತಾನೆ, ಬೇರೆ ಕರಣಿಕರನ್ನು ಕರೆಸುತ್ತಾನೆ, ಯಾರಿಗೂ ಆ ಲೆಕ್ಕ ಬಿಡಿಸಲು ಬರುವುದಿಲ್ಲ. ಎಷ್ಟು ತಪ್ಪು ಬರೆದಿದೆ, ಯಾವ ಗದ್ದೆಯದು ತಪ್ಪು ಅಂತ ಗೊತ್ತಿರುವವನು ಅವನೊಬ್ಬನೇ. ಜನರಿಗೆ ಹಣ ವಾಪಸ್ ಕೊಡಬೇಕಾದರೆ ಅವನು ಬದುಕಿರಬೇಕು. ಅರಸ ಅವನ ಕಾಲಿಗೆ ಬೇಡಿ ಹಾಕಿಸಿ, ಅದೇ ಗದ್ದುಗೆಯ ಮೇಲೆ, ಅದೇ ಕಡತದ ಮುಂದೆ ಕೂರಿಸುತ್ತಾನೆ. ಶಿಷ್ಯನನ್ನು ಕಾವಲಿಗೆ ಪಕ್ಕದಲ್ಲಿ ಕೂರಿಸುತ್ತಾನೆ.

ಆನೆಯೋ ಕಡತವೋ ಇನ್ನೂ ತೀರ್ಮಾನ ಆಗಿಲ್ಲ. ನಾಳೆ ಬೆಳಿಗ್ಗೆ ಫೋನ್ ಮೀಟಿಂಗ್ ಇದೆ, ಶಿಷ್ಯನ ಕಡೆಯ ಮಾತುಗಳನ್ನು ಇವತ್ತು ರಾತ್ರಿ ಮುಗಿಸಬೇಕು.